ಅಳಿಯನ ಹೆಸರು ಬ್ಯಾಡ, ನನ್ನ ಪಿಂಚಣಿ ಬರಕೋರಿ

ನನ್ನ ಇಕಾಮಾ ಮುಗಿಯುವ ತಿಂಗಳು ಬಂತೆಂದರೆ ಏನಾದರೊಂದು ಫಜೀತಿ ಆಗದೆ ಇರುವುದಿಲ್ಲ. ಇಕಾಮಾ ಅಂದರೆ ಕುವೈತಿನಲ್ಲಿ ವಾಸ ಮಾಡಲು ಕೊಡುವ ಪರವಾನಗಿ. ವಿಜಯಪುರ ಜಿಲ್ಲೆಯ ತಾಲ್ಲೂಕು ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕ್ಲಾರ್ಕ್ ಆಗಿದ್ದು ನಿವೃತ್ತಳಾದ ನಾನು, ಈಗ ಕುವೈತಿನ ಖೈತಾನ್ ಬಡಾವಣೆಯಲ್ಲಿ ಮಗಳು ಅಳಿಯನ ಜೊತೆ ಇದ್ದೇನೆ. ಈ ಸಲ ಅಳಿಯನ ಆಶ್ರಿತೆ ಎಂದು ಬರೆಸಿಬಿಡಿ, ಕೆಲಸ ಸಲೀಸು ಎಂದು ಎಲ್ಲರೂ ಹೇಳಿದರು. ಅಳಿಯ ಬಂಗಾರದಂಥ ಹುಡುಗನೇ. ಆದರೆ ನಾನೇ ದುಡಿದು ಗಳಿಸಿದ ಪಿಂಚಣಿ ಇರುವಾಗ ಇನ್ನೊಬ್ಬರ ಆಶ್ರಿತೆ ಯಾಕಾಗಬೇಕು? ನನ್ನ ಆದಾಯ ತೋರಿಸಿ ನನ್ನ ಹೆಸರಲ್ಲೇ ಇರುತ್ತೇನೆಂದು ಹಟ ಹಿಡಿದೆ.

ಟೈಪಿಂಗ್ ಅಂಗಡಿ

ಅರ್ಜಿ ತುಂಬಿಸಲು ಮಗಳು ನನ್ನನ್ನು ಮನೆ ಹತ್ತಿರದ ಟೈಪಿಂಗ್ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯವನು ನನ್ನ ಮುಖ ನೋಡಿದವನೇ, ಏನೂ ಕೇಳದೆ ಉದ್ಯೋಗದ ಜಾಗದಲ್ಲಿ ಗೃಹಿಣಿ ಎಂದು ಹೊಡೆದ. ಅಳಿಸಲು ಹೇಳಿದೆ. ಎಲ್ಲ ಅಮ್ಮಂದಿರಿಗೂ ಹಾಗೇ ಬರೆಯುವುದೆಂದು ಹಿಂದಿಯಲ್ಲಿ ಸಮಾಧಾನ ಹೇಳಿದ. ನಾನು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತೆ. ನಿವೃತ್ತ ಸರ್ಕಾರಿ ನೌಕರಳು ಎಂದು ತಿದ್ದುವವರೆಗೆ ಏಳಲಿಲ್ಲ.

ಆ ಗಡಿಬಿಡಿಯಲ್ಲಿ ಅವನು ಪೆನ್ಷನ್ ಎನ್ನುವಲ್ಲಿ ಟೆನ್ಷನ್ ಎಂದು ಹೊಡೆದಿದ್ದ. ಸರ್ಕಾರ ಈ ಮಹಿಳೆಗೆ ಪ್ರತಿ ತಿಂಗಳು ತಪ್ಪದೆ ಟೆನ್ಷನ್ ಕೊಡುತ್ತದೆ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿ ಬಂತು. ನಾನು ಮಗಳ ಕಡೆ ತಿರುಗಿ, "ತಿದ್ದಾಕ ಹೇಳವಾ. ಅದನ್ನ ಕೊಟ್ಟಿದ್ದು ನೌಕರಿ ಇದ್ದಾಗ," ಅಂದೆ.

ನಾಲ್ಕು ಜನ

ಪಿಂಚಣಿ ಆದೇಶ ಅರಬ್ಬಿಗೆ ಅನುವಾದವಾಗಬೇಕಿತ್ತು. ಅನುವಾದಕರು ವಯಸ್ಸಾದ ಈಜಿಪ್ಟಿನವರು, ಬಹಳ ಶಿಸ್ತಿನ ಮನುಷ್ಯ. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಒಂದೂವರೆ ಸಾಲಿದೆ. ಅದನ್ನು ಎರಡು ಸಲ ಓದಿ, ಇಲ್ಲಿ ನಾಲ್ಕು ಜನ ಇದ್ದಾರೆ, ಪಿಂಚಣಿ ಯಾರಿಗೆ ಎಂದು ಕೇಳಿದರು. ಮೊದಲನೆಯದು ನಾನು, ಎರಡನೆಯದು ಗಂಡ, ಮೂರನೆಯದು ಅಪ್ಪ, ಇಬ್ಬರೂ ಈಗಿಲ್ಲ, ನಾಲ್ಕನೆಯದು ನಮ್ಮೂರು ಎಂದು ಮಗಳು ಬಿಡಿಸಿ ಹೇಳಿದಳು. ಅವರು ಪೆನ್ನು ಕೆಳಗಿಟ್ಟು, ಹಾಗಾದರೆ ಊರಿಗೂ ಇದರಲ್ಲಿ ಪಾಲುಂಟೇ ಎಂದರು.

ಊರಿಗೆ ತಿಂಗಳಾ ಇಷ್ಟು ಬಂದಿದ್ದರೆ ನಮ್ಮೂರಿನ ರಸ್ತೆ ಯಾವಾಗಲೋ ಆಗಿರುತ್ತಿತ್ತು ಎಂದು ಹೇಳು ಅಂದೆ. ಮಗಳು ಅದನ್ನು ಬಿಟ್ಟು, ಪಿಂಚಣಿ ಮೊದಲನೆಯವರಿಗೆ ಮಾತ್ರ ಎಂದಷ್ಟೇ ಹೇಳಿದಳು.

ಬದುಕಿದ್ದಕ್ಕೆ ಪುರಾವೆ

ಕಾಗದವೆಲ್ಲ ಸಿದ್ಧವಾಗುವಷ್ಟರಲ್ಲಿ ಪಿಂಚಣಿಯೇ ನಿಂತುಹೋಯಿತು. ಊರಿನ ಖಜಾನೆ ಕಚೇರಿಗೆ ಫೋನು ಮಾಡಿದೆ. ನಾನು ಬದುಕಿದ್ದೇನೆಂಬ ಪ್ರಮಾಣಪತ್ರ ಈ ವರ್ಷ ಬಂದಿಲ್ಲ ಎಂದ ಆ ಕಡೆಯ ಕ್ಲಾರ್ಕು. ಈಗ ನಿನ್ನ ಜೊತೆ ಮಾತಾಡುತ್ತಿರುವುದು ಯಾರು ಎಂದು ಕೇಳಿದೆ. ಫೋನಿನಲ್ಲಿ ನಂಬುವಂತಿಲ್ಲ ಅಂದ. ಆಗ ಅವನ ಧ್ವನಿ ಗುರುತು ಸಿಕ್ಕಿತು. ನಮ್ಮ ಕಚೇರಿಗೇ ಹೊಸದಾಗಿ ಬಂದು, ನನ್ನ ಕೈಕೆಳಗೇ ಕೆಲಸ ಕಲಿತು, ಆಮೇಲೆ ಖಜಾನೆಗೆ ಹೋದವನು. ನಾನು ಯಾರೆಂದು ಹೇಳಿ ಬೈದೆ.

"ಮೇಡಂ, ಎದುರಿಗೆ ನಿಂತ ಮನಶಾನ್ನ ನಂಬಬ್ಯಾಡ, ಕಾಗದ ನಂಬು ಅಂತ ನೀವ ಕಲಿಸಿದ್ರಿ," ಅಂದ ಬಹಳ ವಿನಯದಿಂದ.

ಮರುದಿನವೇ ರಾಯಭಾರ ಕಚೇರಿಗೆ ಹೋಗಿ, ಬದುಕಿದ್ದೇನೆಂದು ಸಹಿ ಮಾಡಿ ಬಂದೆ. ಪಿಂಚಣಿ ಮತ್ತೆ ಶುರುವಾಯಿತು. ಸಿಟ್ಟು ಬಂದಿತ್ತು, ಆದರೆ ಶಿಷ್ಯನ ಬಗ್ಗೆ ಹೆಮ್ಮೆಯೂ ಆಯಿತು.

ಕೊನೆಯ ತಾರೀಖು

ಕೊನೆಗೆ ಇಕಾಮಾ ಕಚೇರಿಯ ಕೌಂಟರ್. ಅಲ್ಲಿ ಕೂತಿದ್ದ ಅಧಿಕಾರಿ ನನ್ನ ಮಗಳಿಗಿಂತ ಚಿಕ್ಕವಳು. ಎಲ್ಲ ಕಾಗದ ತಿರುವಿ ಹಾಕಿ ಒಪ್ಪಿಕೊಂಡಳು. ಆಮೇಲೆ ತಡೆದಳು. ಪಿಂಚಣಿ ಶುರುವಾದ ತಾರೀಖು ಇದೆ, ಮುಗಿಯುವ ತಾರೀಖು ಇಲ್ಲ. ಮಗಳು ಮೆಲ್ಲಗೆ, ಅಮ್ಮ ಇರುವವರೆಗೆ ಬರುತ್ತದೆ ಅಂದಳು. ಆ ಖಾನೆ ತುಂಬದೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲ, ಅಂದಾಜಿಗೆ ಒಂದು ತಾರೀಖು ಹೇಳಿ ಎಂದಳು ಅವಳು. ಮಗಳ ಕಣ್ಣಲ್ಲಿ ನೀರು ಬಂತು. ಅಳಿಯನ ಹೆಸರಲ್ಲೇ ಮಾಡಿಸೋಣ ನಡಿಯವ್ವ ಎಂದು ನನ್ನ ಕೈ ಎಳೆದಳು.

ನಾನು ಕದಲಲಿಲ್ಲ. ಮೂವತ್ತನಾಲ್ಕು ವರ್ಷ ಇಂಥ ಕೌಂಟರಿನ ಆ ಕಡೆ ಕೂತವಳು ನಾನು.

"ನಾ ಸಾಯೂ ತಾರೀಖು ನೀವ ಬರೀರಿ," ಅಂದೆ. "ಅದರ ಕೆಳಗ ಸಹಿ ಮಾಡಿ, ಶಿಕ್ಕಾ ಒತ್ತಿ ಕೊಡ್ರಿ. ಅಷ್ಟರೊಳಗ ನನಗೇನರ ಆದ್ರ ಜವಾಬ್ದಾರಿ ನಿಮ್ಮದು."

ಮಗಳು ಅದನ್ನು ತಗ್ಗಿದ ಧ್ವನಿಯಲ್ಲಿ ಇಂಗ್ಲಿಷಿಗೆ ಹಾಕಿದಳು. ಆ ಹುಡುಗಿ ನಗುತ್ತ, ಆ ಕಂಪ್ಯೂಟರ್ ಒಪ್ಪುವ ಕಟ್ಟಕಡೆಯ ತಾರೀಖನ್ನೇ ಹೊಡೆದಳು: 2099ರ ಡಿಸೆಂಬರ್ 31. ಒಂದು ವರ್ಷದ ಇಕಾಮಾ ನನ್ನ ಹೆಸರಲ್ಲೇ ಆಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳು ಅಳಿಯನಿಗೆ ಎಲ್ಲ ಹೇಳಿದಳು. ಆ ಲೆಕ್ಕದಲ್ಲಿ ನಾನು ನೂರಾ ಮೂವತ್ತು ದಾಟಿ ಬದುಕಬೇಕು. ಅವನು ರೊಟ್ಟಿ ಮುರಿಯುವುದನ್ನು ಬಿಟ್ಟು ನನ್ನ ರೂಮಿನ ಕಡೆ ನೋಡಿದ.

"ಹಂಗಾದ್ರ ಅತ್ತಿಯವರ ರೂಮಿಗೆ ಹೊಸಾ ಎಸಿನ ಹಾಕಸೂಣು," ಅಂದ. "ಹಳೇದು ಅಲ್ಲೀತನಕ ಬಾಳಿಕಿ ಬರೂದಿಲ್ಲ."