ಓಣಿಯ ಕರೆಂಟೂ ನನ್ನ ಕೊಕ್ಕರೆಯೂ

ಅತ್ತಿವೇರಿಯ ಕೆರೆಯ ದಂಡೆಯಲ್ಲಿ ಕೆಸರಿಗೆ ಮೊಣಕಾಲೂರಿ ನಾನು ತೆಗೆದ ಕೊಕ್ಕರೆಯ ಚಿತ್ರವು ಅತ್ಯುತ್ಕೃಷ್ಟವಾದದ್ದು ಎಂಬ ಬಗ್ಗೆ ನನಗೆ ಎಂದೂ ಅನುಮಾನವಿರಲಿಲ್ಲ. ಅನುಮಾನಪಟ್ಟವನು ಎದುರುಮನೆಯ ಹಿಟ್ಟಿನ ಗಿರಣಿಯ ಶಿವಾನಂದ. ದೀಪಾವಳಿಯ ಫಳಾರಕ್ಕೆ ಬಂದವನು ನನ್ನ ಕಂಪ್ಯೂಟರಿನ ಮುಂದೆ ನಿಂತು, ನನ್ನದೇ ಮನೆಯ ಕರ್ಚಿಕಾಯಿ ಬಾಯಲ್ಲಿಟ್ಟುಕೊಂಡು, "ಕಾಕಾ, ಇದು ಕೊಕ್ಕರೆ ಏನ್ರಿ, ಹೊಗಿ ಏನ್ರಿ?" ಎಂದು ಕೇಳಿದ. ಅದು ಅವನ ಎರಡನೆಯ ಕರ್ಚಿಕಾಯಿ. ನಾನು ಮರೆತಿಲ್ಲ.

ಸರ್ವೇ ಇಲಾಖೆಯಲ್ಲಿ ಜೀವಮಾನವಿಡೀ ಗಡಿ ಗುರುತಿಸಿದವನು ನಾನು. ದೋಷದ ಮೂಲ ಗುರುತಿಸಲಾರೆನೇ? ನನ್ನ ಹಳೆಯ, ಡಬ್ಬಿಯಾಕಾರದ ಮಾನಿಟರಿನ ಪರದೆ ಸದಾ ಅಲೆಅಲೆಯಾಗಿ ನಡುಗುತ್ತಿತ್ತು. ಪರದೆ ನಡುಗುವುದು ಕರೆಂಟು ಕೆಟ್ಟಿದ್ದರಿಂದ. ಕರೆಂಟು ಕೆಡಿಸುವುದು ಗಿರಣಿ! ಅಪಮಾನ ಮಾಡಿದವನೇ ಅಪರಾಧಿ! ರಕ್ಷಣೆಗೆಂದು ಫ್ರಿಜ್ಜಿನ ಹಳೆಯ ಕಬ್ಬಿಣದ ಸ್ಟೆಬಿಲೈಜರನ್ನು ಕಂಪ್ಯೂಟರು ಬಂದ ಮೊದಲ ದಿನವೇ ಮಾನಿಟರಿಗೆ ಜೋಡಿಸಿ, ಅದರ ಮಗ್ಗುಲಿಗೇ ಒತ್ತಿ ಇರಿಸಿದ್ದೆ. ಅಂಥ ಕಾವಲುಗಾರನನ್ನೂ ಸೋಲಿಸಿದ ಕರೆಂಟು!

ಒಂದು ಭಾನುವಾರ ಓಣಿಯವರನ್ನೆಲ್ಲ ಮನೆಗೆ ಕರೆದು, ಗಿರಣಿ ನಿಲ್ಲಿಸುವಂತೆ ಶಿವಾನಂದನಿಗೆ ಆಜ್ಞಾಪಿಸಿದೆ. ಎಲ್ಲರೆದುರು ನನ್ನ ಕೊಕ್ಕರೆಯ ಮಾನ ಮರಳಬೇಕಿತ್ತು.

ಗಿರಣಿಯ ಸರದಿ ಬಿಟ್ಟು ಜೋಳದ ಡಬ್ಬಿ ಹಿಡಿದೇ ಬಂದಿದ್ದ ಫಾತಿಮಾಬಿ ಸಿಡಿದಳು: "ಅಜ್ಜಾರ, ನಿಮ್ಮ ಹಕ್ಕಿ ನೆಟ್ಟಗ ನಿಲ್ಲೂತನಾ ನಾವು ರೊಟ್ಟಿ ತಿನಬಾರದೇನ್ರಿ?"

ಗಿರಣಿ ನಿಂತಿತು. ಕೊಕ್ಕರೆ ನಿಲ್ಲಲಿಲ್ಲ.

"ಈಗ ಯಾರ ತಪ್ಪರೀ, ಕಾಕಾ?" ಎಂದ ಶಿವಾನಂದ.

"ನಿನ್ನ ಮನಿ ಫ್ರಿಜ್ಜಿಂದು!"

ಅವನ ಫ್ರಿಜ್ ಆರಿತು. ಅಕ್ಕಪಕ್ಕದ ಪಂಪು, ಮಿಕ್ಸರು, ಫ್ಯಾನು ಒಂದೊಂದಾಗಿ ಆರಿದವು. ಓಣಿಗೆ ಓಣಿಯೇ ಬೆವರಿತು. ಕೊಕ್ಕರೆ ಮಾತ್ರ ನಿರಾತಂಕವಾಗಿ ಕುಣಿಯಿತು! "ಹಂಗಾದ್ರ ಇದು ಹಿಂದಿನ ಓಣಿಯವರ ಪಿತೂರಿ!" ಎಂದು ನಾನು ಸಾರುತ್ತಿರುವಾಗ ನನ್ನ ಪತ್ನಿ ಸರೋಜಾ ಮಿರ್ಚಿ ಭಜಿಯ ತಾಟು ಹಿಡಿದು ಒಳಗಿನಿಂದ ಬಂದಳು.

"ರೀ, ಈ ಹೆಣಭಾರದ ಪೆಟಗಿ ಸರಸ್ರಿ. ತಾಟ ಎಲ್ಲಿ ಇಡ್ಲಿ?"

ಐತಿಹಾಸಿಕ ಘಳಿಗೆಯಲ್ಲಿ ಭಜಿಯ ಮಾತೇ! ನಾನು ಕದಲಲಿಲ್ಲ. ಆಕೆಯೇ ಸ್ಟೆಬಿಲೈಜರನ್ನು ಮೇಜಿನ ತುದಿಗೆ ನೂಕಿದಳು.

ಪರದೆ ಕಲ್ಲಿನಂತೆ ನಿಂತಿತು.

ಪೆಟ್ಟಿಗೆಯನ್ನು ನಾನೇ ಮತ್ತೆ ಹತ್ತಿರ ಎಳೆದೆ, ಪರದೆ ಕುಣಿಯಿತು. ದೂರ ನೂಕಿದೆ, ನಿಂತಿತು. ಅದರೊಳಗಿನ ತಂತಿಸುರುಳಿಯ ಕಾಂತಶಕ್ತಿಯೇ ಪಕ್ಕದ ಪರದೆಯನ್ನು ಅಲುಗಿಸುತ್ತಿತ್ತು!

"ಕಾಕಾ, ಕಳ್ಳನ್ನ ಮಗ್ಗಲದಾಗ ಇಟ್ಕೊಂಡು ಓಣಿ ತುಂಬ ಹುಡುಕಿದ್ರಲ್ಲರೀ!" ಎಂದ ಶಿವಾನಂದ. ಇದನ್ನೂ ಮನಸ್ಸಿನಲ್ಲಿ ದಾಖಲಿಸಿಕೊಂಡೆ.

ಆದರೆ ಧೃತಿಗೆಡಲಿಲ್ಲ. "ಕಾರಣ ಏನರ ಇರಲಿ. ಪರದೆ ನಿಂತೈತಿ. ಈಗ ನೋಡ್ರಿ ನನ್ನ ಕೊಕ್ಕರೆ!" ಎಂದು ಎದೆಯುಬ್ಬಿಸಿ ಪಕ್ಕಕ್ಕೆ ಸರಿದೆ.

ಎಲ್ಲರೂ ಬಾಗಿ ನೋಡಿದರು. ನಿಶ್ಚಲವಾದ, ನಿರ್ದೋಷವಾದ ಆ ಪರದೆಯ ಮೇಲೆ ಬಹು ಸ್ಪಷ್ಟವಾಗಿ ಕಾಣಿಸಿತು, ಹೊಗೆ!

ಕೆರೆಯ ದಂಡೆಯಲ್ಲಿ ಅಂದು ನಡುಗಿದ್ದು ಕರೆಂಟಲ್ಲ, ಕ್ಯಾಮೆರಾ ಹಿಡಿದ ನನ್ನ ಕೈ.

ಶಿವಾನಂದ ಮೆಲ್ಲನೆ ಎರಡನೆಯ ಭಜಿ ಎತ್ತಿಕೊಂಡ. ನಾನೇ ತಾಟನ್ನು ಅವನತ್ತ ಸರಿಸಿದೆ.