ಸುಂಕಪ್ಪನ ಹಿಂದಿನ ಚೌಕಳಿ

ಪಿಎನ್‌ಜಿ ಅಂದರೆ ಏನು ಎಂದು ಕೇಳುವ ಕಾಲ ದಾಟಿಹೋಗಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ಕೇಳಿದ್ದರೆ ಹೊಸಬಳು ಅನ್ನುತ್ತಿದ್ದರು. ಒಂದು ವಾರದ ಮೇಲೆ ಕೇಳಿದ್ದರೆ ಪಾಪ ಅನ್ನುತ್ತಿದ್ದರು. ಇಪ್ಪತ್ತೊಂಬತ್ತನೇ ದಿನ ಕೇಳಿದರೆ ಏನನ್ನುತ್ತಾರೆ ಎಂಬುದನ್ನು ಡೈರಿಯಲ್ಲಿ ಬರೆಯಲೂ ನಾಚಿಕೆಯಾಗಿ, ಸಮತಾ ‘ಇವತ್ತೂ ಕೇಳಲಿಲ್ಲ’ ಎಂದಷ್ಟೇ ಬರೆದು ಮುಚ್ಚಿಟ್ಟಿದ್ದಳು.

ಬಿ.ಕಾಂ. ಮುಗಿಸಿದ್ದ ಸಮತಾಳ ಬಾಯಿಂದ ಹೊರಗಿನವರೆದುರು ಸಲೀಸಾಗಿ ಹೊರಡುತ್ತಿದ್ದ ಮಾತು ಒಂದೇ, ‘ಹೂಂ ರಿ’. ಕೂಡ್ಲಿಗಿಯ ಬ್ಯಾನರ್ ಅಂಗಡಿಯ ಗುಲಾಮಹುಸೇನರು, “ಫೋಟೊದಾಗ ಹಿಂದಿನ ಗ್ವಾಡಿ ತಗದು ಬರೇ ಮನಶಾನ್ನ ಕತ್ತರಸಾಕ ಬರ್ತೈತೇನವ್ವಾ?” ಎಂದು ಕೇಳಿದಾಗಲೂ ಅವಳು ಅದನ್ನೇ ಅಂದಿದ್ದಳು. ಆಮೇಲೆ ಮೊಬೈಲಿನಲ್ಲಿ ವಿಡಿಯೊ ನೋಡಿ ಕತ್ತರಿಸುವುದನ್ನು ಕಲಿತಳು. ಕತ್ತರಿಸಿದ್ದನ್ನು ಪಿಎನ್‌ಜಿ ಎಂಬ ಫೈಲಿನ ರೂಪದಲ್ಲಿ ಉಳಿಸಬೇಕು ಎಂಬುದನ್ನು ವಿಡಿಯೊ ಹೇಳುವ ಮೊದಲೇ ಡಾಟಾ ಖಾಲಿಯಾಗಿತ್ತು. ಉಳಿಸುವ ಕೆಲಸವನ್ನು ಗುಲಾಮಹುಸೇನರೇ ಮಾಡುತ್ತಿದ್ದುದರಿಂದ ಇಷ್ಟು ದಿನ ಗುಟ್ಟು ಗುಟ್ಟಾಗಿಯೇ ಇತ್ತು.

ಆ ಶುಕ್ರವಾರ ಬೆಳಿಗ್ಗೆ ಅವರು ಬಾಗಿಲಲ್ಲೇ ನಿಂತು ಹೇಳಿದರು. “ಬಸ್ ಡ್ರೈವರ್ ಸುಂಕಪ್ಪ ಇವತ್ತು ರಿಟೈರ್ ಆಗ್ತಾನ. ನನ್ನ ಚಡ್ಡಿ ದೋಸ್ತ ಅವ. ಮಧ್ಯಾನ ಮೂರಕ್ಕ ಫಂಕ್ಷನ್ನು. ನಾನು ಹಾಲ್‌ನಾಗ ಮೈಕು, ಶಾಮಿಯಾನ ನೋಡ್ಕೋಬೇಕು. ಬ್ಯಾನರ್ ನೀನೊಬ್ಬಾಕಿನ ಮಾಡು. ಚಂದ ಬಂತಂದ್ರ ನಿನ್ನ ಕೆಲಸ ಪಕ್ಕಾ. ಇಲ್ಲಂದ್ರ, ನೋಡವ್ವಾ, ತಿಂಗಳ ಟ್ರಯಲ್ ಇವತ್ತಿಗೆ ಮುಗೀತು.”

“ಹೂಂ ರಿ ಚಾಚಾ.”

ಕೆಲಸ ಪಕ್ಕಾ ಆಗದಿದ್ದರೆ ಹಿರೇಹಡಗಲಿಯ ಸೋದರಮಾವನ ಗೊಬ್ಬರದಂಗಡಿಗೆ ಕಳಿಸುವುದೆಂದು ಅವ್ವ ತೀರ್ಮಾನಿಸಿದ್ದಳು. ಅಲ್ಲಿ ದಿನವಿಡೀ ಗಿರಾಕಿಗಳ ಜೊತೆ ಮಾತಾಡಬೇಕು.

ಗುಲಾಮಹುಸೇನರ ಅಂಗಡಿಯಲ್ಲಿ ಬ್ಯಾನರ್ ಹೊಡೆಯುವ ಮಷೀನಿರಲಿಲ್ಲ. ಅದಿದ್ದದ್ದು ಕೊಟ್ಟೂರಿನಲ್ಲಿ. ಕೂಡ್ಲಿಗಿಯಲ್ಲಿ ಆಳನ್ನು ಕತ್ತರಿಸಿ ವಾಟ್ಸಾಪಿಗೆ ಹಾಕಿದರೆ, ಕೊಟ್ಟೂರಿನಲ್ಲಿ ಮುಬಶ್ಶಿರ ಎಂಬ ಹುಡುಗ ಆ ಆಳನ್ನು ಬ್ಯಾನರಿನ ಮೇಲೆ ನಿಲ್ಲಿಸಿ, ಪ್ರಿಂಟು ತೆಗೆದು, ಸುರುಳಿ ಸುತ್ತಿ ಬಸ್ಸಿಗೆ ಹಾಕುತ್ತಿದ್ದ.

ಸುಂಕಪ್ಪನ ಜೊತೆ ಹನ್ನೆರಡು ವರ್ಷ ಕಂಡಕ್ಟರಾಗಿದ್ದ ರಾಮಾಂಜಿನಿ ಫೋಟೊ ತಂದುಕೊಟ್ಟ. “ಹಿಂದ ನಮ್ಮ ಬಸ್ಸು ಕಾಣಬೇಕು, ಮುಂದ ಸುಂಕಪ್ಪಣ್ಣ ನಿಂತಿರಬೇಕು. ಬಸ್ಸಿನ ಚಿತ್ರ ಕೊಟ್ಟೂರಿಗೆ ಕಳ್ಸೀನಿ. ನೀ ಮೀಸಿ ಕಡೆ ಲಕ್ಷ್ಯ ಕೊಡವ್ವಾ. ಒಂದು ಕೂದಲಾನೂ ಹೋಗಬಾರದು. ಹಾರ್ನ್ ಕೆಟ್ಟಾಗ ಆ ಮೀಸಿ ನೋಡೇ ಎಮ್ಮಿಗಳು ರೋಡ್ ಬಿಡ್ತಿದ್ವು.”

ಸಮತಾ ಎರಡು ತಾಸು ಕುಳಿತು ಮೀಸೆಯನ್ನು ಒಂದೊಂದೇ ಕೂದಲಾಗಿ ಬಿಡಿಸಿದಳು. ಪಕ್ಕದ ಟೈಲರ್ ಭರಮಮ್ಮ ಇಣುಕಿ, “ಇಷ್ಟೊತ್ತು ಬೇಕೇನವ್ವಾ? ನಾನಾಗಿದ್ರ ಕತ್ತರಿ ತಗೊಂಡು ಐದು ನಿಮಿಷದಾಗ ಬಿಸಾಕ್ತಿದ್ದೆ,” ಎಂದಳು.

ಮುಗಿದ ಮೇಲೆ, ಕಂಪ್ಯೂಟರು ತಾನಾಗಿಯೇ ತೋರಿಸಿದ ಜೆಪಿಜಿ ಎಂಬ ರೂಪದಲ್ಲೇ ಉಳಿಸಿ ಕಳಿಸಿದಳು. ಜೆಪಿಜಿಗೆ ಖಾಲಿ ಜಾಗ ಅಂದರೆ ತಿಳಿಯದು. ಖಾಲಿ ಬಿಟ್ಟಲ್ಲೆಲ್ಲ ಸುಣ್ಣ ಬಳಿಯುತ್ತದೆ. ಖಾಲಿಯನ್ನು ಖಾಲಿಯಾಗಿಯೇ ಬಿಡುವುದು ಪಿಎನ್‌ಜಿ.

ಮುಬಶ್ಶಿರನ ಫೋನು ಬಂತು. “ಅಕ್ಕಾ, ಸುತ್ತ ಬಿಳೆ ಡಬ್ಬಿ ಬಂದೈತಿ. ಸುಂಕಪ್ಪ ಕಾಕಾ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಂಗ ಕಾಣ್ತಾನ. ಪಿಎನ್‌ಜಿ ಮಾಡಿ ಕಳ್ಸ್ರಿ.”

“ಹೂಂ ರಿ,” ಎಂದು ಫೋನಿಟ್ಟ ಸಮತಾಳ ಮುಖ ನೋಡಿ ಎದುರಿನ ಮೊಬೈಲ್ ಅಂಗಡಿಯ ಹುಲುಗೇಶ ದಾಟಿ ಬಂದ. ಕರೆಯದೆ ಬಂದು ಸಲಹೆ ಕೊಡುವುದರಲ್ಲಿ ಆ ಬೀದಿಯಲ್ಲಿ ಅವನದು ಮೊದಲನೇ ನಂಬರು.

“ಇದೇನು ದೊಡ್ಡ ವಿದ್ಯೆ? ಫೈಲಿನ ಹೆಸರಿನ ಬಾಲದಾಗ ಜೆಪಿಜಿ ಅಂತೈತಲ್ಲ, ಅದನ್ನ ಅಳಿಸಿ ಪಿಎನ್‌ಜಿ ಅಂತ ಹೊಡಿ. ಆತು.”

ಸಮತಾ ಹಾಗೇ ಮಾಡಿ ಕಳಿಸಿದಳು. ಬಾಲ ಬದಲಾಯಿತು, ಸುಣ್ಣ ಹಾಗೇ ಉಳಿಯಿತು. “ಅಕ್ಕಾ, ಫ್ರಿಜ್ಜು ಇನ್ನೂ ಐತ್ರಿ,” ಎಂದ ಮುಬಶ್ಶಿರ.

ಅವಳು ಮತ್ತೆ ಕಂಪ್ಯೂಟರಿನ ಪಟ್ಟಿಯನ್ನೆಲ್ಲ ಹುಡುಕಿ, ಕೊನೆಗೂ ಅಲ್ಲೊಂದು ಕಡೆ ಪಿಎನ್‌ಜಿ ಎಂದು ಇರುವುದನ್ನು ಕಂಡು ಅದನ್ನೇ ಒತ್ತಿದಳು. ಬಿಳಿ ಹೋಯಿತು. ಅದರ ಜಾಗದಲ್ಲಿ ಸುಂಕಪ್ಪನ ಹಿಂದೆ ಬಿಳಿ-ಬೂದಿ ಬಣ್ಣದ ಸಣ್ಣ ಚೌಕಳಿಗಳು ಬಂದು ಕೂತವು. ಇಲ್ಲಿ ಏನೂ ಇಲ್ಲ, ಹಿಂದಿನದು ಹಾಗೇ ಕಾಣುತ್ತದೆ ಎಂದು ಕಂಪ್ಯೂಟರು ತಿಳಿಸುವ ಬಗೆ ಅದು. ಸಮತಾ ಮಾತ್ರ ಒಂದು ಪೀಡೆ ಹೋಗಿ ಇನ್ನೊಂದು ಬಂತೆಂದು ಗಾಬರಿಯಾದಳು.

“ಅದು ತೋರಿಕಿಗಷ್ಟ. ಪ್ರಿಂಟ್‌ನಾಗ ಬರಂಗಿಲ್ಲ,” ಎಂದ ಹುಲುಗೇಶ. ಆ ದಿನ ಅವನು ಆಡಿದ ಸರಿಯಾದ ಮಾತು ಅದೊಂದೇ.

ಆದರೆ ಅವಳು ಅದನ್ನು ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದಳು. ವಾಟ್ಸಾಪು ದಾರಿಯಲ್ಲೇ ಅದನ್ನು ಮತ್ತೆ ಜೆಪಿಜಿ ಮಾಡಿತು. ಈ ಸಲ ಸುಣ್ಣದ ಬದಲು ಮಸಿ ಬಳಿಯಿತು.

“ಅಕ್ಕಾ, ಈಗ ಸುತ್ತ ಕರ್ರಗಾಗೈತ್ರಿ. ಶ್ರದ್ಧಾಂಜಲಿ ಬ್ಯಾನರ್ ಆದಂಗಾತು,” ಎಂದ ಮುಬಶ್ಶಿರ. “ಫೋಟೊ ಅಂತ ಹಾಕಬ್ಯಾಡ್ರಿ, ಡಾಕ್ಯುಮೆಂಟ್ ಅಂತ ಹಾಕ್ರಿ. ಜಲ್ದಿ. ಹನ್ನೆರಡೂಕಾಲಿನ ಬಸ್ಸಿಗೆ ಕೊಟ್ಟು ನಾನು ನಮಾಜಿಗೆ ಹೋಗಬೇಕು.”

ಗಡಿಯಾರದಲ್ಲಿ ಆಗಲೇ ಹನ್ನೊಂದೂ ಮುಕ್ಕಾಲು.

“ಡಾಕ್ಯುಮೆಂಟ್ ಅಂದ್ರ ಆಧಾರ್ ಕಾರ್ಡು, ಪಹಣಿ,” ಎಂದ ಹುಲುಗೇಶ ತಲೆ ಕೆರೆದುಕೊಳ್ಳುತ್ತ. “ಡ್ರೈವರ್ ಫೋಟೊ ಹೆಂಗ ಡಾಕ್ಯುಮೆಂಟ್ ಆಗ್ತೈತಿ? ಆ ಹುಡುಗಗ ಏನೂ ತಿಳಿಯಂಗಿಲ್ಲ. ನೀ ಸ್ಕ್ರೀನ್‌ಶಾಟ್ ಹೊಡಿ. ಕಂಡಿದ್ದು ಕಂಡಂಗ ಹೋಗ್ತೈತಿ.”

“ಏನಾರ ಒಂದು ಕಳಿಸವ್ವಾ,” ಎಂದಳು ಭರಮಮ್ಮ. “ಬಸ್ಸು ನಿನ್ನ ಸಲುವಾಗಿ ನಿಲ್ಲಂಗಿಲ್ಲ.”

ಕಂಡಿದ್ದು ಕಂಡ ಹಾಗೇ ಹೋಯಿತು. ಅಲ್ಲಿಯತನಕ ಬರೀ ತೋರಿಕೆಯಾಗಿದ್ದ ಚೌಕಳಿಗಳು ಆ ಗಳಿಗೆಯಿಂದ ಸುಂಕಪ್ಪನ ಮೀಸೆಯಷ್ಟೇ ನಿಜವಾದವು.

“ಅಕ್ಕಾ, ಹಿಂದ ಚೌಕಳಿ ಅದಾವು, ಬಸ್ಸು ಮುಚ್ಚಿಹೋಗೈತಿ,” ಎಂದು ಮುಬಶ್ಶಿರ ಕೇಳಿದ. “ಬೇಕಂತಲೇ ಹಾಕೀರೇನು? ಹಿಂಗ ಹೊಡೀಲೇನು?”

ನಾಲ್ಕನೇ ಸಲವೂ ತಪ್ಪಾಯಿತು ಎನ್ನುವ ಧೈರ್ಯ ಸಮತಾಳಿಗಿರಲಿಲ್ಲ. “ಹೂಂ ರಿ,” ಎಂದಳು.

ಮಧ್ಯಾಹ್ನ ಊಟದ ಡಬ್ಬಿ ಮುಂದಿಟ್ಟುಕೊಂಡು ಇನ್ನೊಂದು ವಿಡಿಯೊವನ್ನು ಕೊನೆಯತನಕ ನೋಡಿದಳು. ಪಿಎನ್‌ಜಿಯಲ್ಲಿ ಕಾಣುವ ಚೌಕಳಿ ಎಂದೂ ಪ್ರಿಂಟಿನಲ್ಲಿ ಬರುವುದಿಲ್ಲ ಎಂದು ಅದರಲ್ಲಿ ಎರಡೆರಡು ಸಲ ಹೇಳಿದ್ದರು. ತಾನು ಕೊನೆಗೆ ಕಳಿಸಿದ್ದು ಬರೀ ಸ್ಕ್ರೀನ್‌ಶಾಟ್ ಎಂಬುದು ಹೊಳೆಯದೆ ಅವಳ ಜೀವ ತಿರುಗಿ ಬಂತು. ನೀಟಾಗಿ ಜಡೆ ಹಾಕಿಕೊಂಡು ಮೂರು ಗಂಟೆಗೆ ಹಾಲ್‌ಗೆ ಹೋದಳು.

ರಾಮಾಂಜಿನಿ ಸುರುಳಿಯನ್ನು ಬಸ್ಸಿನಿಂದಿಳಿಸಿ ನೇರವಾಗಿ ವೇದಿಕೆಗೆ ಕಟ್ಟಿಸಿದ್ದ. ಎಂಟಡಿ ಎತ್ತರದ ಸುಂಕಪ್ಪ ಒಂದು ಕೂದಲೂ ಕಳೆದುಕೊಳ್ಳದೆ ನಿಂತಿದ್ದ. ಅವನ ಹಿಂದೆ ತಲೆಯಿಂದ ಕಾಲಿನತನಕ ಚೌಕಳಿ. ಬಸ್ಸು ಇದ್ದದ್ದಕ್ಕೆ ಗುರುತಾಗಿ ಒಂದು ಮೂಲೆಯಲ್ಲಿ ಅರ್ಧ ಟಯರು ಕಾಣುತ್ತಿತ್ತು.

ಮುಂದಿನ ಸಾಲಿನಲ್ಲಿ ಸುಂಕಪ್ಪನ ಹೆಂಡತಿ ಗಿಡ್ಡಮ್ಮ ಬ್ಯಾನರನ್ನು ಬಹಳ ಹೊತ್ತು ನೋಡಿ ಗಂಡನ ಕಡೆ ತಿರುಗಿದಳು. “ನಮ್ಮ ಬಚ್ಚಲದಾಗ ಇಂಥ ಟೈಲ್ಸ್ ಇಲ್ಲ. ಇದು ಯಾರ ಮನಿ ಬಚ್ಚಲ?”

“ನನಗೇನು ಗೊತ್ತಲೇ,” ಎಂದ ಸುಂಕಪ್ಪ. ಮೂವತ್ನಾಲ್ಕು ವರ್ಷದಲ್ಲಿ ಯಾವ ತಿರುವಿನಲ್ಲೂ ಹೆದರದವನು ಬೆವರಿದ.

ಗುಲಾಮಹುಸೇನರು ಕುರ್ಚಿಗಳ ನಡುವೆ ಸಮತಾಳ ಕಡೆ ಬರತೊಡಗಿದರು. ಅವಳು ಕಂಬದ ಹಿಂದೆ ಸರಿದಳು. ಹಿರೇಹಡಗಲಿಯ ಗೊಬ್ಬರದ ವಾಸನೆ ಆಗಲೇ ಮೂಗಿಗೆ ಬಡಿಯುತ್ತಿತ್ತು. ಅಷ್ಟರಲ್ಲಿ ಡಿಪೋ ಮ್ಯಾನೇಜರು ಎದ್ದು ಮೈಕು ಹಿಡಿದರು.

“ಎಲ್ಲರೂ ಈ ಬ್ಯಾನರ್ ನೋಡ್ರಿ. ನಾನು ಇಂಥದ್ದನ್ನ ಎಲ್ಲೂ ನೋಡಿಲ್ಲ.”

ಗುಲಾಮಹುಸೇನರು ಇದ್ದಲ್ಲೇ ನಿಂತರು.

“ಮೋಟರ್ ರೇಸಿನಾಗ ಗುರಿ ಮುಟ್ಟಿದವನ ಮುಂದ ಚೌಕಳಿ ಬಾವುಟ ಬೀಸ್ತಾರ. ಮೂವತ್ನಾಲ್ಕು ವರ್ಷ ಒಂದೂ ಆಕ್ಸಿಡೆಂಟ್ ಇಲ್ದಂಗ ಗುರಿ ಮುಟ್ಟಿದ ಡ್ರೈವರಿಗೆ ಇದಕ್ಕಿಂತ ದೊಡ್ಡ ಮರ್ಯಾದಿ ಯಾವುದೈತಿ? ಬಾವುಟದಾಗ ಕಪ್ಪು ಇರ್ತೈತಿ. ಶುಭಕಾರ್ಯ ಅಂತ ಇಲ್ಲಿ ತಿಳಿ ಬಣ್ಣ ಮಾಡ್ಯಾರ. ಎಂಥ ಸೂಕ್ಷ್ಮ ನೋಡ್ರಿ.”

ಚಪ್ಪಾಳೆ ತಗಡಿಗೆ ಹೊಡೆದ ಆಲಿಕಲ್ಲಿನ ಹಾಗೆ ಬಿತ್ತು. ಸುಂಕಪ್ಪ ಕಣ್ಣೊರೆಸಿಕೊಂಡ. ಗಿಡ್ಡಮ್ಮ ಗಂಡನ ಶಾಲು ಸರಿಮಾಡಿದಳು.

“ನಾನೇ ಹೇಳಿದ್ದೆ ಸರ್, ಬಾವುಟ ಇರ್ಲಿ ಅಂತ,” ಎಂದ ರಾಮಾಂಜಿನಿ.

“ನಮ್ಮ ಅಂಗಡಿ ಸ್ಪೆಶಲ್ ಐತ್ರಿ ಇದು,” ಎಂದರು ಗುಲಾಮಹುಸೇನರು. ಅಷ್ಟರಲ್ಲಾಗಲೇ ಅವರು ವೇದಿಕೆಯ ಮೆಟ್ಟಿಲಲ್ಲಿದ್ದರು.

“ಈ ತಿಂಗಳು ಇನ್ನೂ ಮೂರು ಮಂದಿ ರಿಟೈರ್ ಆಗ್ತಾರ,” ಎಂದರು ಮ್ಯಾನೇಜರು. “ಅವರಿಗೂ ಇದೇ ಬ್ಯಾನರು. ಒಂದು ಚೌಕಳಿನೂ ಕಡಿಮಿ ಆಗಬಾರದು. ಮೊದಲನೇದು ಸೋಮವಾರ.”

“ನಮ್ಮ ಹುಡುಗಿ ಮಾಡ್ತಾಳ್ರಿ. ಇವತ್ತಿಂದ ಆಕಿ ಕೆಲಸ ಪಕ್ಕಾ. ಬರೇ ಚೌಕಳಿನೇ ಆಕಿ ಕೆಲಸ,” ಎಂದು ಗುಲಾಮಹುಸೇನರು ಸಮತಾಳನ್ನು ಕಂಬದ ಹಿಂದಿನಿಂದ ಕರೆಸಿ ಮೇಲೆ ಹತ್ತಿಸಿದರು.

ಮ್ಯಾನೇಜರು ಅವಳ ಬಾಯಿಗೆ ಮೈಕು ಹಿಡಿದರು. “ಹೇಳಮ್ಮಾ, ಈ ಚೌಕಳಿ ಹೆಂಗ ತಂದಿ?”

ಹೂಂ ಎಂದು ಉತ್ತರಿಸಲಾಗದ ಪ್ರಶ್ನೆ ಅದು. ಮೈಕಿನಲ್ಲಿ ಸಮತಾಳ ಉಸಿರು ಎರಡು ಸಲ ಕೇಳಿಸಿತು.

“ಹೆಂಗ ಬಂತಂತ ನನಗ ಗೊತ್ತಿಲ್ರಿ,” ಎಂದಳು. “ಬೆಳಿಗ್ಗಿಂದ ನಾ ಅದನ್ನ ತಗೀಬೇಕಂತ ಒದ್ದಾಡೀನ್ರಿ.”