ಮೂರು ತೂತಿನ ವೈಡ್ ಲೆನ್ಸು

ನೀರಿನೊಳಗೆ ಫೋಟೋ ತೆಗೆಯುವುದು ಅಂಥ ಕಷ್ಟದ ಕೆಲಸವಲ್ಲ ಎಂದೇ ನಾನು ತಿಳಿದಿದ್ದೆ. ಶಿವಮೊಗ್ಗದ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತನಾದರೂ ನೆಂಟರಿಷ್ಟರ ಪಾಲಿಗೆ ನಾನೇ ಫೋಟೋಗ್ರಾಫರ್. ನಾಮಕರಣದಿಂದ ಷಷ್ಟ್ಯಬ್ದಿಯವರೆಗೆ ಎಲ್ಲರ ತಲೆಯನ್ನೂ ಯಥಾಶಕ್ತಿ ಕತ್ತರಿಸಿದ್ದೇನೆ.

ಹಾಗಾಗಿ ಭದ್ರಾವತಿಯ ಅಕ್ಕನ ಮಗಳು ಚೈತ್ರಾ, "ಮದುವೆ ಹಾಲ್ ಬಾಗಿಲಲ್ಲಿ ನಾನೂ ಕಿರಣೂ ನೀರೊಳಗಿರೋ ದೊಡ್ಡ ಫೋಟೋ ಇಡಬೇಕು ಮಾಮ, ಬೆಂಗಳೂರಿನವರನ್ನ ಕರೆಸ್ತೀವಿ" ಎಂದಾಗ ಸೋದರಮಾವನ ಅಭಿಮಾನ ಕೆರಳಿತು.

"ನಾನಿಲ್ವೇನಮ್ಮ? ನಾನೇ ತೆಗೀತೀನಿ" ಎಂದುಬಿಟ್ಟೆ. ಬೀಗರ ಎದುರಿಗೇ ಆಡಿದ ಮಾತು. ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ.

ಕ್ಯಾಮೆರಾ ಇತ್ತು. ಅದಕ್ಕೆ ನೀರು ತಾಗದಂತೆ ಹಾಕುವ ಡಬ್ಬಿಯನ್ನು ತರಿಸಿದೆ. ಉಳಿದದ್ದು ವೈಡ್ ಲೆನ್ಸು, ಅಂದರೆ ಹತ್ತಿರದಿಂದಲೇ ಅಗಲವಾದ ನೋಟ ಹಿಡಿಯುವ ಲೆನ್ಸು. ನೀರಲ್ಲಿ ದೂರ ನಿಂತರೆ ಚಿತ್ರ ಮಸುಕು. ಹತ್ತಿರ ನಿಂತರೆ ಗಂಡು ಬಂದರೆ ಹೆಣ್ಣು ಬರುವುದಿಲ್ಲ. ಇಬ್ಬರೂ ಬರಬೇಕಾದರೆ ವೈಡ್ ಬೇಕೇ ಬೇಕು. ಅದರಲ್ಲಿ ಎರಡು ದಾರಿ. ಒಂದು, ಡಬ್ಬಿಯ ಮೂತಿಗೆ ದೊಡ್ಡ ಗಾಜಿನ ಗುಮ್ಮಟ ಕೂರಿಸುವುದು. ಇನ್ನೊಂದು, ಡಬ್ಬಿಯ ಹೊರಗಿನಿಂದಲೇ ತಿರುಗಿಸಿ ಸೇರಿಸುವ ಲೆನ್ಸು. ಮೂರು ವಾರ ಇವೆರಡರ ನಡುವೆ ತೂಗಾಡಿದೆ. ಹೆಣ್ಣು ನೋಡುವಾಗಲೂ ನಾನು ಇಷ್ಟು ಯೋಚಿಸಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದ್ದು ತಪ್ಪಾಯಿತು.

"ನಾನಾದ್ರೂ ಯೋಚಿಸಬೇಕಿತ್ತು" ಎಂದಳು ಹೆಂಡತಿ ಸುಧಾ.

ಕೊನೆಗೆ ಹೊರಗಿನ ಲೆನ್ಸನ್ನೇ ಆರಿಸಿದೆ. ಅಂಗಡಿಯವರು ಫೋನಿನಲ್ಲಿ, "ಸರ್, ನೀರಿಗೆ ಇಳಿದ ಮೇಲೆ ಒಂದು ವಿಷ್ಯ..." ಎಂದು ಶುರು ಮಾಡಿದರು. "ಎಲ್ಲ ಗೊತ್ತು, ಕಳಿಸ್ರೀ" ಎಂದು ಫೋನ್ ಇಟ್ಟೆ.

ಫೋಟೋ ತೆಗೆಯುವ ದಿನ ಅದನ್ನು ಭದ್ರಾವತಿಗೆ ಒಯ್ದೆ. ಭಾವ, ಅಂದರೆ ಚೈತ್ರಾಳ ಅಪ್ಪ, ಕಾರ್ಖಾನೆಯಲ್ಲಿ ಪೈಪ್ ಫಿಟ್ಟರ್ ಆಗಿ ನಿವೃತ್ತರಾದವರು. ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದ ಅವರ ಮುಖ ಗಂಭೀರವಾಯಿತು.

"ಏನ್ ಮಾರಾಯ, ಅಂಚಲ್ಲಿ ಮೂರು ತೂತಿದಾವಲ್ಲ. ಡಬ್ಬಿಗೂ ಲೆನ್ಸಿಗೂ ಮಧ್ಯ ನೀರು ನುಗ್ಗುತ್ತೆ."

ನೋಡಿದೆ. ನಿಜ. ನನಗೆ ಮೈಯೆಲ್ಲ ಉರಿದುಹೋಯಿತು. "ನೋಡಿದ್ರಾ ಭಾವ, ಇವ್ರಿಗೇನು ಗೊತ್ತಾಗುತ್ತೆ ಅಂತ ತೂತು ಮಾಲು ಸಾಗಹಾಕಿದಾರೆ."

"ನನ್ನ ಸರ್ವೀಸಲ್ಲಿ ನಾನು ಹಾಕಿದ ಒಂದು ಜಾಯಿಂಟೂ ಸೋರಿಲ್ಲ. ಇದು ಹೆಂಗೆ ಸೋರುತ್ತೆ ನೋಡ್ತೀನಿ" ಎಂದು ಭಾವ ತಮ್ಮ ಸಲಕರಣೆ ಪೆಟ್ಟಿಗೆ ತೆರೆದರು. ಲೆನ್ಸಿನ ತಿರುಪಿಗೆ ಬಿಳಿ ಟೇಪು ಸುತ್ತಿ, ಅದನ್ನು ಡಬ್ಬಿಗೆ ಬಿಗಿದು, ಮೂರೂ ತೂತಿಗೆ ಅಂಟು ಮೆತ್ತಿದರು. ಅದು ಒಣಗಿದ ಮೇಲೆ ಬಕೆಟ್ಟಿನಲ್ಲಿ ಮುಳುಗಿಸಿದೆವು. ಒಂದು ಗುಳ್ಳೆಯೂ ಬರಲಿಲ್ಲ. ಇಬ್ಬರೂ ಕೈ ಕುಲುಕಿಕೊಂಡೆವು.

ಹೊಳೆಹೊನ್ನೂರು ದಾರಿಯ ತೋಟವೊಂದರ ಈಜುಕೊಳ ಅರ್ಧ ದಿನದ ಮಟ್ಟಿಗೆ ಸಿಕ್ಕಿತ್ತು. ಬೀಗರೂ ಭಾವನೂ ಕುರ್ಚಿ ಹಾಕಿಕೊಂಡು ದಡದಲ್ಲಿ ಕೂತರು. ಕೆಂಪು ಸೀರೆಯ ಚೈತ್ರಾ, ಬಿಳಿ ಪಂಚೆಯ ಕಿರಣ್ ಎದೆಮಟ್ಟದ ನೀರಿನಲ್ಲಿ ಮುಳುಗಿದರು, ಎದ್ದರು, ಕೆಮ್ಮಿದರು, ಮತ್ತೆ ಮುಳುಗಿದರು. ಉಸಿರು ಕಟ್ಟಿಕೊಂಡು ಪ್ರೀತಿಯಿಂದ ನಗುವುದು ಸುಲಭವಲ್ಲ. ನನಗೆ ಕ್ಯಾಮೆರಾದ ಪರದೆ ಮಸುಕಾಗಿಯೇ ಕಂಡಿತು. ಕನ್ನಡಕ ದಡದಲ್ಲಿದೆಯಲ್ಲ, ಅದಕ್ಕೇ ಎಂದುಕೊಂಡು ನೂರಾರು ಫೋಟೋ ತೆಗೆದೆ.

ಮೇಲೆ ಬಂದು ಕನ್ನಡಕ ಹಾಕಿಕೊಂಡೆ. ಮಸುಕು ಹಾಗೆಯೇ ಇತ್ತು. ಕಿರಣನ ತಾಯಿ ಬಗ್ಗಿ ನೋಡಿದರು.

"ಇದ್ರಲ್ಲಿ ನಮ್ಮ ಹುಡುಗ ಯಾರು?"

"ಬಿಳೀದು" ಎಂದೆ.

ಅಂಗಡಿಗೆ ಫೋನ್ ಮಾಡಿ ಕೂಗಾಡಿದೆ. ಅವರು ಶಾಂತವಾಗಿ ಹೇಳಿದರು: "ಸರ್, ಆ ತೂತು ಬಿಟ್ಟಿರೋದೇ ನೀರು ಒಳಗೆ ಹೋಗ್ಲಿ ಅಂತ. ಮಧ್ಯ ನೀರು ತುಂಬಿದ್ರೇನೇ ಚಿತ್ರ ಸ್ಪಷ್ಟ. ಗಾಳಿ ಉಳಿದ್ರೆ ಏನೂ ಕಾಣಲ್ಲ. ಅವತ್ತು ಅದನ್ನೇ ಹೇಳೋಕೆ ಹೊರಟಿದ್ದೆ."

ಭಾವ ತಕ್ಷಣ ಅಂಟು ಕೀಳಲು ಕೂತರು. ಬರಲಿಲ್ಲ. ಅವರು ಹಾಕಿದ ಜಾಯಿಂಟಲ್ಲವೇ. ಅಷ್ಟರಲ್ಲಿ ನಮ್ಮ ಅರ್ಧ ದಿನವೂ ಮುಗಿದುಹೋಯಿತು.

"ಹೋಗ್ಲಿ ಬಿಡಿ ಮಾಮ" ಎಂದಳು ಚೈತ್ರಾ, ಚಳಿಗೆ ಹಲ್ಲು ಕಟಕಟಿಸುತ್ತಾ. ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮದುವೆಯ ದಿನ ಹಾಲ್ ಬಾಗಿಲಲ್ಲಿ ಶಿವಮೊಗ್ಗದ ಗಾಂಧಿ ಬಜಾರಿನ ಸ್ಟುಡಿಯೋದವರು ಒಣ ನೆಲದ ಮೇಲೆ ತೆಗೆದ ಫೋಟೋ ನಿಂತಿತ್ತು. ಇಬ್ಬರ ಮುಖವೂ ಕಾಣುತ್ತಿತ್ತು. ಜನ ಹೊಗಳಿದರು, ನಾನೂ ಹೊಗಳಿದೆ. ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಮಂಟಪದ ಕಡೆ ಹೊರಟವನನ್ನು ಅಕ್ಕ ತಡೆದು, ಕ್ಯಾಮೆರಾ ಇಸಿದುಕೊಂಡು, ಕೈಗೆ ಜಗ್ಗು ಕೊಟ್ಟಳು.

"ನೀನು ಪಂಕ್ತೀಲಿ ನೀರು ಬಡಿಸು. ನೀರಿನ ಅನುಭವ ನಿನಗಿದ್ದಷ್ಟು ಇಲ್ಲಿ ಯಾರಿಗೂ ಇಲ್ಲ."

ಮೂರು ಪಂಕ್ತಿಗೂ ಬಡಿಸಿದೆ. ಮಸುಕಾಗಿದೆ ಎಂದು ಒಬ್ಬರೂ ದೂರಲಿಲ್ಲ.